ನಾತದ ಕುಲ

ಮಾರ್ಚ್ 3, ಸೋಮವಾರ

ಇವತ್ತು ಮತ್ತೆ ಹೂ ಬೇಯಿಸಿದೆ. ಎಷ್ಟೋ ವರ್ಷದ ಹಿಂದೆ ಒಣಗಿಸಿ ಕಾಗದದ ಹಾಳೆಗೆ ಅಂಟಿಸಿಟ್ಟ ಹೂವನ್ನು ಗಾಜಿನ ಬಟ್ಟಲಿಗೆ ಹಾಕಿ, ನೀರು ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಎರಡು ಕುದಿ ಬರಿಸಿದರೆ ಮೆತ್ತಗಾಗುತ್ತದೆ. ಆಮೇಲೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಳಗೇನಿದೆಯೋ ಅದನ್ನು ನೋಡಿ ಚಿತ್ರ ಬರೆಯುವುದು ನನ್ನ ಕೆಲಸ. ಬೇರೆ ಹೂಗಳು ಬೆಂದರೆ ಒಣಹುಲ್ಲಿನ ವಾಸನೆ ಬರುತ್ತದೆ. ಭಾವ ಗುರುತಿಸಿ ಹೆಸರಿಟ್ಟ ಸಸ್ಯಕುಲದ ಹೂಗಳು ಮಾತ್ರ ಸತ್ತ ಇಲಿಯ ನಾತ ಹೊಡೆಯುತ್ತವೆ. ಜೀವ ಇದ್ದಾಗ ನೊಣಗಳನ್ನು ಕರೆಯಲು ಈ ಬಳ್ಳಿಗಳಿಗೆ ನಾತ ಬೇಕು, ಒಪ್ಪೋಣ. ಸತ್ತು ಹಾಳೆಗೆ ಅಂಟಿಕೊಂಡ ಮೇಲೂ ಈ ಚಟ ಯಾಕೆ?

ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಹೋಗಲಿಲ್ಲ. ಮನೆಯಲ್ಲಿ ಹೆಂಡತಿಯ ಮೂಗಿನ ಹತ್ತಿರ ಕೈ ಹಿಡಿದು "ನೋಡು" ಅಂದರೆ, "ಸೋಪಿನ ವಾಸನೆ ಬಿಟ್ರೆ ಏನೂ ಇಲ್ಲ ರೀ" ಅಂದಳು. ಅಣ್ಣನ ಹೂ ಎಂದರೆ ತಂಗಿಗೆ ನಾತವೂ ಬರುವುದಿಲ್ಲ.

ಭಾವ ನಮ್ಮ ಸಸ್ಯ ಸಂಗ್ರಹಾಲಯದ ನಿರ್ದೇಶಕರಾಗಿದ್ದು ನಿವೃತ್ತರಾಗಿ ಎಂಟು ವರ್ಷವಾಯಿತು. ಅವರ ಕುರ್ಚಿ ನಿವೃತ್ತವಾಗಿಲ್ಲ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಈಗಲೂ ದಿನಾ ಹತ್ತಕ್ಕೆ ಬಂದು ಅದರಲ್ಲೇ ಕೂರುತ್ತಾರೆ. ಹೊಸ ನಿರ್ದೇಶಕ, ಪಾಪ, ಪಕ್ಕದ ಕೋಣೆಯಲ್ಲಿ ಹಳೆಯ ಮೇಜು ಹಾಕಿಕೊಂಡು ಬೀಗರ ಮನೆಗೆ ಬಂದವನ ಹಾಗೆ ಮುದುಡಿ ಕೂತಿದ್ದಾನೆ. ಭಾವನ ಜೀವಮಾನದ ಪುಸ್ತಕ ಮೇ ತಿಂಗಳಲ್ಲಿ ಅಚ್ಚಿಗೆ ಹೋಗಬೇಕು. ಅರವತ್ತೊಂದು ಚಿತ್ರಗಳು, ಎಲ್ಲವೂ ನನ್ನ ಕೈಯವು. ಮುನ್ನುಡಿಯ ಕೊನೆಯ ಪ್ಯಾರಾದಲ್ಲಿ ನನ್ನ ಹೆಸರಿದೆಯಂತೆ, ಜೀಪಿನ ಡ್ರೈವರನ ಹೆಸರಿನ ನಂತರ.

"ಪೆನ್ಸಿಲ್, ಇವತ್ತು ಎಷ್ಟಾಯ್ತೋ?" ಎಂದು ಎಲ್ಲರ ಮುಂದೆ ನನ್ನನ್ನು ಅಡ್ಡಹೆಸರು ಹಿಡಿದು ಕೂಗುತ್ತಾರೆ. ಬಾಯಲ್ಲಿ ಬಿಸ್ಕತ್ತು. ಪುಡಿ ಹಾಳೆಗಳ ಮೇಲೆ ಉದುರುತ್ತದೆ. ಅಸಹ್ಯ.

ಮಾರ್ಚ್ 5, ಬುಧವಾರ

ಕಾಲೇಜಿನ ಮಕ್ಕಳು ಬಂದಿದ್ದರು. ಭಾವನಿಗೆ ಹಬ್ಬ. ಉದ್ದ ಮೇಜಿನ ಮೇಲೆ ತಮ್ಮ ಏಳು ಪ್ರಭೇದಗಳ ಏಳು ಹಾಳೆಗಳನ್ನು ಹರಡಿ ಪಾಠ ಶುರು ಮಾಡಿದರು. ನನಗೆ ಬಾಯಿಪಾಠವಾಗಿದೆ.

"ನೋಡ್ರಪ್ಪಾ, ಎಲೆ ನೋಡಿ ಮೋಸ ಹೋಗ್ಬೇಡಿ. ಬಿಸಿಲಲ್ಲಿ ಒಂಥರಾ ಇರುತ್ತೆ, ನೆರಳಲ್ಲಿ ಒಂಥರಾ ಇರುತ್ತೆ. ಹೂವಿನ ಬಣ್ಣ ಅಂತೂ ಕೇಳಲೇಬೇಡಿ. ಈ ಏಳರಲ್ಲಿ ಆರನ್ನ ನಮ್ಮ ಹಿಂದಿನವ್ರು ಮೂರು ಬೇರೆ ಬೇರೆ ಕುಲಕ್ಕೆ ಸೇರಿಸಿಬಿಟ್ಟಿದ್ರು. ಅನಾಥ ಮಕ್ಕಳ ಹಾಗೆ ಯಾರ್ಯಾರದೋ ಮನೇಲಿದ್ವು. ನಾನು ಎಲ್ಲಾನೂ ತಂದು ಒಂದೇ ಮೇಜಿನ ಮೇಲೆ ಹಾಕ್ದೆ. ಕಾಯಿ, ಬೀಜ, ಪರಾಗ, ಎಲ್ಲಾ ಹೋಲಿಸ್ದೆ."

ಒಬ್ಬ ಹುಡುಗಿ ಕೇಳಿದಳು: "ಹೋಲಿಕೆ ಇದ್ರೆ ಸಾಕಾ ಸರ್? ಸಂಬಂಧ ಇಲ್ಲದೋರೂ ಒಬ್ಬರನ್ನೊಬ್ಬರು ಹೋಲ್ತಾರಲ್ಲ."

"ಸಾಲದು. ಒಂದೇ ತಾಯಿಂದ ಬಂದಿರ್ಬೇಕು. ಅದಕ್ಕೇ ಹತ್ತು ಗುಣ ನೋಡ್ಬೇಕು. ಹತ್ತರಲ್ಲಿ ಸುಳ್ಳು ಹೇಳದೇ ಇರೋದು ಒಂದಿರುತ್ತೆ. ಇವುಗಳಲ್ಲಿ ಅದು ಈ ಉಂಗುರ." ಹೂವಿನ ಕೊಳವೆಯ ತಳದಲ್ಲಿ ಕೆಳಮುಖವಾಗಿ ಸುತ್ತಿದ ರೋಮದ ಉಂಗುರವನ್ನು ತೋರಿಸಿದರು. ಒಳಗೆ ಇಳಿದ ನೊಣ ಮೇಲೆ ಬರದಂತೆ ಅದು ತಡೆಯುತ್ತದೆ. ಹಾಳೆಯ ಮೇಲೆ ಅದು ಕಾಣುವುದಿಲ್ಲ. ಆದ್ದರಿಂದ ತೋರಿಸಿದ್ದು ನನ್ನ ಚಿತ್ರವನ್ನು.

ಆಮೇಲೆ ಏಳನೆಯ ಹಾಳೆ. ಅದು ಅವರೇ ಬೆಟ್ಟದಿಂದ ತಂದ, ಅಲ್ಲಿಯವರೆಗೆ ಯಾರೂ ಕಾಣದ ಬಳ್ಳಿ. ಕುಲಕ್ಕೆ ಹೆಸರಿಡುವಾಗ ಒಂದು ಹಾಳೆಯನ್ನು ಮೂಲ ಎಂದು ಆರಿಸಬೇಕು. ಹೆಸರು ಆ ಹಾಳೆಗೆ ಕಟ್ಟುಬಿದ್ದಿರುತ್ತದೆ. ಹಾಳೆ ಎಲ್ಲಿಗೆ ಹೋದರೆ ಹೆಸರೂ ಅಲ್ಲಿಗೆ ಹೋಗಬೇಕು. ಭಾವ ಜಂಭದಿಂದ ತಮ್ಮ ಬಳ್ಳಿಯನ್ನೇ ಮೂಲ ಮಾಡಿದರು. ಕುಲಕ್ಕೆ ತಮ್ಮ ತಾಯಿಯ, ಅಂದರೆ ನನ್ನ ಅತ್ತೆಯ ಹೆಸರಿಟ್ಟರು. ಇದನ್ನು ಹೇಳುವಾಗ ಪ್ರತಿ ಸಲ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ, ಪ್ರತಿ ಸಲ ಒಂದೇ ಜಾಗದಲ್ಲಿ. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಮಾರ್ಚ್ 11, ಮಂಗಳವಾರ

ಬೇರೆ ಊರಿನ ಸಂಗ್ರಹಾಲಯದಿಂದ ಒಬ್ಬ ಮೇಡಂ ಬಂದಿದ್ದಾರೆ. ನಲವತ್ತರ ಆಸುಪಾಸು. ಕೆಸರು ಮೆತ್ತಿದ ಬೂಟು. ಅದೇ ಬೂಟಿನಲ್ಲಿ ನನ್ನ ಕೋಣೆಗೆ ನುಗ್ಗಿ, ಚೀಲವನ್ನು ನನ್ನ ಚಿತ್ರದ ಹಲಗೆಯ ಮೇಲೇ ಇಟ್ಟರು. ಕಿತ್ತಳೆ ಸುಲಿದು ಸಿಪ್ಪೆಯನ್ನು ನನ್ನ ಇಂಕಿನ ಬಾಟಲಿಯ ಪಕ್ಕ ರಾಶಿ ಹಾಕಿದರು. ಕೆಲವರನ್ನು ನೋಡಿದ ತಕ್ಷಣ ಮೈಯೆಲ್ಲ ಮುಳ್ಳೇಳುತ್ತದೆ.

"ಮೂಲ ಹಾಳೆಯ ಚಿತ್ರ ನೀವೇ ಬರೆದದ್ದಲ್ವಾ? ಎಷ್ಟು ಚೆನ್ನಾಗಿದೆ ಅಂದ್ರೆ, ನಾನು ವಿದ್ಯಾರ್ಥಿಯಾಗಿದ್ದಾಗ ಗೋಡೆಗೆ ಅಂಟಿಸ್ಕೊಂಡಿದ್ದೆ."

ಹೊಗಳಿಕೆಯಿಂದ ಶುರು ಮಾಡುವವರನ್ನು ಮೊದಲೇ ನಂಬಬಾರದು. ಚೀಲದಿಂದ ಒಂದು ಬಾಟಲಿ ತೆಗೆದರು. ಸ್ಪಿರಿಟ್‌ನಲ್ಲಿ ನಾಲ್ಕು ಹೂ ತೇಲುತ್ತಿದ್ದವು. ಭಾವ ಹತ್ತಿದ ಅದೇ ಬೆಟ್ಟದಿಂದ, ಅದೇ ಬಳ್ಳಿಯಿಂದ ಹೋದ ತಿಂಗಳು ಕಿತ್ತದ್ದಂತೆ.

"ಇದರಲ್ಲಿ ಉಂಗುರ ಇಲ್ಲ ಸರ್. ಹದಿನಾರು ಹೂ ಸೀಳಿ ನೋಡಿದೀನಿ. ನುಣ್ಣಗಿದೆ."

"ಹಾಗಾದ್ರೆ ಅದು ಬೇರೆ ಬಳ್ಳಿ ಇರ್ಬೇಕು," ಅಂದೆ.

"ನಾನೂ ಹಾಗೇ ಅಂದ್ಕೊಂಡೆ. ಎಲೆ, ಕಾಯಿ, ಗೆಡ್ಡೆ ಎಲ್ಲಾ ಹೊಂದುತ್ತೆ. ಅದಕ್ಕೇ ಮೂಲ ಹಾಳೆ ನೋಡ್ಬೇಕು ಅಂತ ಬಂದೆ. ಅದರ ಒಂದು ಹೂ ಬಿಚ್ಚೋಕೆ ಕೇಳ್ತೀನಿ."

ಭಾವನ ಹತ್ತಿರ ಹೋದರು. ಬಾಗಿಲು ಮುಚ್ಚಿದ್ದರೂ ಭಾವನ ದನಿ ಮೆಟ್ಟಿಲವರೆಗೆ ಕೇಳಿತು. "ಹಾಳೆ ಮೇಲೆ ಉಳಿದಿರೋದು ಮೂರೇ ಹೂ. ಮುಟ್ಟೋಕೆ ಬಿಡಲ್ಲ. ಪೆನ್ಸಿಲ್ ಬರೆದ ಚಿತ್ರ ಇದೆ, ಸಾಕು."

ಮೇಡಂ ಒಂದೂವರೆ ತಿಂಗಳು ಇಲ್ಲೇ ಇರುತ್ತಾರಂತೆ, ಉಳಿದ ಆರನ್ನು ನೋಡಲು. ಸಿಪ್ಪೆಯನ್ನು ನಾನೇ ಎತ್ತಿ ಎಸೆದೆ.

ಮಾರ್ಚ್ 14, ಶುಕ್ರವಾರ

ಗೆರೆ ನೆಟ್ಟಗೆ ಬರುತ್ತಿಲ್ಲ. ಎರಡು ಹಾಳೆ ಹರಿದೆ. ಊಟ ಸೇರಲಿಲ್ಲ.

ಮಾರ್ಚ್ 16, ಭಾನುವಾರ

ಬರೆದುಬಿಡುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಆ ಮೂಲ ಹಾಳೆಯ ಹೂವನ್ನು ಬೇಯಿಸಿದ್ದು ನಾನೇ, ಸೀಳಿದ್ದೂ ನಾನೇ. ಒಳಗೆ ಉಂಗುರ ಕಾಣಲಿಲ್ಲ. ಭಾವ ನನ್ನ ಬೆನ್ನ ಹಿಂದೆ ನಿಂತಿದ್ದರು. "ಒಣಗಿದ್ದರಲ್ಲಿ ರೋಮ ಉದುರಿರುತ್ತೆ, ಹಾಕು" ಅಂದರು. ಹಾಕಿದೆ. ನಲವತ್ತೆರಡು ರೋಮ. ಅಕ್ಕಪಕ್ಕದ ಆರು ಪ್ರಭೇದಗಳಲ್ಲಿ ಹೇಗಿತ್ತೋ ಹಾಗೇ, ತುದಿ ಸ್ವಲ್ಪ ಬಾಗಿಸಿ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಈ ಕೆಲಸ ಕೊಡಿಸಿದ್ದು ಅವರು, ಹೆಣ್ಣು ಕೊಟ್ಟಿದ್ದು ಅವರ ಮನೆ. ಇಲ್ಲ ಎನ್ನಲು ನನಗೆ ಬಾಯಿ ಎಲ್ಲಿತ್ತು?

ಅಂಥ ಮನುಷ್ಯ ಈಗ ಮಕ್ಕಳ ಮುಂದೆ "ಸುಳ್ಳು ಹೇಳದ ಗುಣ" ಎಂದು ಪಾಠ ಮಾಡುತ್ತಾನೆ. ಥೂ.

ಮಾರ್ಚ್ 20, ಗುರುವಾರ

ಭಾವ ಕರೆದರು. "ಪುಸ್ತಕಕ್ಕೆ ಆ ಉಂಗುರದ್ದೇ ಒಂದು ಪುಟ ತುಂಬೋ ಚಿತ್ರ ಬೇಕು. ದೊಡ್ಡದಾಗಿ, ಒಂದೊಂದು ರೋಮಾನೂ ಎಣಿಸೋ ಹಾಗೆ. ಆ ಬೂಟಿನ ಹೆಂಗಸಿನ ಬಾಯಿ ಮುಚ್ಚಬೇಕು."

"ಯಾವ ಹೂ ನೋಡಿ ಬರೀಲಿ?"

"ನಿನ್ನ ಹಳೇ ಚಿತ್ರ ಇದ್ಯಲ್ಲ, ಅದನ್ನೇ ದೊಡ್ಡದು ಮಾಡು."

ಅವರ ಮುಖವನ್ನು ನೋಡಿದೆ. ಕಣ್ಣು ಮಿಟುಕಿಸಲಿಲ್ಲ. ಎಷ್ಟು ನುರಿತ ನಟ.

ಮಾರ್ಚ್ 24, ಸೋಮವಾರ

ಬರೆದೆ. ಮೂರು ದಿನ ಹಿಡಿಯಿತು. ಒಂದೊಂದು ರೋಮದ ಬುಡದಲ್ಲಿ ಉಬ್ಬು, ತುದಿಯಲ್ಲಿ ನೆರಳು, ನಡುವೆ ಬೆಳಕಿನ ಸಣ್ಣ ಗೆರೆ. ನನ್ನ ಇಡೀ ಜೀವನದಲ್ಲಿ ಇದಕ್ಕಿಂತ ಚೆನ್ನಾಗಿ ಏನನ್ನೂ ಬರೆದಿಲ್ಲ. ಮೇಡಂ ಹಿಂದಿನಿಂದ ಬಂದು ನೋಡುತ್ತಾ ನಿಂತರು. ನಾನು ಕೈಯಿಂದ ಮುಚ್ಚಿಕೊಂಡೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವ ಹುಡುಗನ ಹಾಗೆ.

"ಎಷ್ಟು ಜೀವ ಇದೆ ಸರ್," ಅಂದರು. ವ್ಯಂಗ್ಯವೋ ನಿಜವೋ ತಿಳಿಯಲಿಲ್ಲ. ಅಷ್ಟು ಹೇಳಿ ತಮ್ಮ ಮೇಜಿಗೆ ಹೋದರು. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಹೇಸಿಗೆಯಾಗುತ್ತದೆ. ಯಾರ ಮೇಲೆ ಎಂದು ಬರೆಯುವಷ್ಟು ಪುರುಸೊತ್ತಿಲ್ಲ.

ಮಾರ್ಚ್ 25, ಮಂಗಳವಾರ

ಚಿತ್ರ ಇನ್ನೂ ಭಾವನಿಗೆ ಕೊಟ್ಟಿಲ್ಲ. ಇಂಕು ಒಣಗಲಿ ಎಂದು ಹೇಳಿದೆ.

ಮಾರ್ಚ್ 27, ಗುರುವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೂಲ ಹಾಳೆಯ ಕಪಾಟು ತೆಗೆದೆ. ಹಾಳೆಯ ಮೂಲೆಯಲ್ಲಿ ಒಂದು ಪುಟ್ಟ ಕಾಗದದ ಲಕೋಟೆ ಅಂಟಿಸಿದೆ. ಉದುರಿದ ಎಲೆ, ಬೀಜ, ಸೀಳಿದ ಹೂ ಯಾವುದನ್ನೂ ಎಸೆಯದೆ ಅದರಲ್ಲಿ ಹಾಕಿಡುವುದು ನಮ್ಮ ಕ್ರಮ. ಆಗ ನಾನು ಸೀಳಿದ ಹೂವನ್ನು ನಾನೇ ಅದರಲ್ಲಿ ಹಾಕಿದ್ದೆ. ಹೊಸ ಹೂ ಬಿಚ್ಚುವ ಅಗತ್ಯವೇ ಇರಲಿಲ್ಲ. ಇದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಮೇಡಂಗೆ ಹೇಳಿರಲಿಲ್ಲ, ಅಷ್ಟೆ.

ಮತ್ತೆ ನೀರಿನಲ್ಲಿ ನೆನೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ರೋಮ ಉದುರಿದ್ದರೆ ಬುಡದ ಚುಕ್ಕೆ ಉಳಿಯಬೇಕು. ಒಂದು ಚುಕ್ಕೆಯೂ ಇಲ್ಲ. ಒಳಗೋಡೆ ನೇರಳೆ ಬಣ್ಣಕ್ಕೆ ತಿರುಗಿ, ಮಗುವಿನ ಕಿವಿಯ ಒಳಭಾಗದ ಹಾಗೆ ನುಣ್ಣಗಿತ್ತು. ನಾಳಗಳು ಐದು, ಕೆಳಗೆ ಬಂದು ಒಟ್ಟಾಗಿ ಕೂಡುತ್ತಿದ್ದವು. ಇದನ್ನು ಆಗ ನಾನು ಬರೆದೇ ಇರಲಿಲ್ಲ. ಉಂಗುರದ ಗೆರೆಗಳ ಕೆಳಗೆ ಅದೆಲ್ಲ ಮುಚ್ಚಿಹೋಗಿತ್ತು.

ಪೆನ್ಸಿಲ್ ತೆಗೆದುಕೊಂಡು ಬರೆಯುತ್ತಾ ಕುಳಿತೆ. ಊಟದ ಹೊತ್ತು ಮೀರಿದ್ದು ತಿಳಿಯಲಿಲ್ಲ.

ಮಾರ್ಚ್ 29, ಶನಿವಾರ

ಅವಳಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದಳು. ಎಲ್ಲವನ್ನೂ ಕೇಳಿ, ಕೈಯಲ್ಲಿದ್ದ ಟವಲನ್ನು ಪೂರ್ತಿ ಮಡಿಸಿ ಇಟ್ಟಳು.

"ಮೂಲ ಹಾಳೆಗೆ ಉಂಗುರ ಇಲ್ಲ ಅಂದ್ರೆ ಏನಾಗುತ್ತೆ?"

"ಆ ಬಳ್ಳಿ ಪಕ್ಕದ ಹಳೇ ಕುಲಕ್ಕೆ ಹೋಗುತ್ತೆ. ಅದರ ಜೊತೆ ಅತ್ತೆ ಹೆಸರೂ ಹೋಗಿ, ಹಳೇ ಹೆಸರಿನ ಕೆಳಗೆ ಅಡಗುತ್ತೆ. ಇನ್ನು ಮೇಲೆ ಅದನ್ನ ಯಾರೂ ಬಳಸಲ್ಲ. ಉಳಿದ ಆರು ಒಟ್ಟಿಗೇ ಇರ್ತವೆ, ಆದ್ರೆ ಅವಕ್ಕೆ ಹೊಸ ಹೆಸರು ಬೇಕಾಗುತ್ತೆ."

ಅಳುತ್ತಾಳೆ ಅಂದುಕೊಂಡಿದ್ದೆ. "ಅಮ್ಮನಿಗೆ ಅದು ಇಷ್ಟಾನೇ ಇರ್ಲಿಲ್ಲ," ಅಂದಳು. "'ಹೆತ್ತ ತಪ್ಪಿಗೆ ಹೆಣದ ನಾತದ ಹೂವಿಗೆ ನನ್ನ ಹೆಸರಿಟ್ಟ' ಅಂತಿದ್ಲು. ಅಣ್ಣನ ಮುಂದೆ ಮಾತ್ರ ನಗ್ತಿದ್ಲು."

ನನಗೂ ನಗು ಬಂತು. ಅವಳು ನಗಲಿಲ್ಲ.

"ಹೆಸರು ಹೋದ್ರೆ ಹೋಗ್ಲಿ. ಇಪ್ಪತ್ತೆರಡು ವರ್ಷದಿಂದ ನೀವು ಊಟಕ್ಕೆ ಕೂತಾಗೆಲ್ಲ ಅಣ್ಣನ್ನ ಆಡ್ಕೊಂಡು ಬಂದ್ರಿ. ಅವನ ಬಿಸ್ಕತ್ತು, ಅವನ ದನಿ, ಅವನ ಕುರ್ಚಿ. ನಾನು ಅಣ್ಣನ ಪರ ಒಂದು ಮಾತೂ ಎತ್ತಲಿಲ್ಲ, ಕೇಳಿಸ್ಕೊಂಡೆ. ಆ ರೋಮ ಬರೆದಿದ್ದು ಯಾರ ಕೈ ರೀ?"

"ಅವರು ಹಾಕು ಅಂದ್ರು."

"ಸರಿ," ಅಂದು ಮುಂದಿನ ಬಟ್ಟೆ ಎತ್ತಿಕೊಂಡಳು.

ತಂಗಿಯಲ್ಲವೇ, ಅಣ್ಣನ ಪಕ್ಷ ಬಿಡುತ್ತಾಳೆಯೇ.

ಏಪ್ರಿಲ್ 2, ಬುಧವಾರ

ಇವತ್ತು ಎರಡು ಚಿತ್ರಗಳನ್ನೂ ಭಾವನ ಮೇಜಿನ ಮೇಲೆ ಇಟ್ಟೆ. ಉಂಗುರ ಇದ್ದದ್ದು ಎಡಕ್ಕೆ, ಇಲ್ಲದ್ದು ಬಲಕ್ಕೆ. "ಬಲಗಡೆಯದು ಲಕೋಟೆಯ ಹೂ ನೋಡಿ ಬರೆದದ್ದು. ಎಡಗಡೆಯದು ಏನೂ ನೋಡದೆ ಬರೆದದ್ದು," ಅಂದೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಮಾತು. ಇನ್ನೂ ಎರಡು ವಾಕ್ಯಗಳಿದ್ದವು, ಚೂಪಾದವು. ಬಾಯಿಗೆ ಬರಲಿಲ್ಲ.

ಅವರು ಭೂತಗನ್ನಡಿ ಹಿಡಿದು ಬಲಗಡೆಯದನ್ನು ತುಂಬ ಹೊತ್ತು ನೋಡಿದರು. "ಉದುರಿರಬಹುದಲ್ವಾ?"

"ಬುಡದ ಚುಕ್ಕೆ ಇಲ್ಲ ಭಾವ."

"ಆವಾಗ ಇತ್ತಲ್ಲ?"

"ಆವಾಗ್ಲೂ ಇರ್ಲಿಲ್ಲ. ನಿಮಗೂ ಗೊತ್ತಿತ್ತು. ನೀವೇ ಹಾಕು ಅಂದ್ರಿ."

ಅವರು ಕೂಗಾಡುತ್ತಾರೆ ಎಂದುಕೊಂಡು ಗಟ್ಟಿಯಾಗಿ ನಿಂತಿದ್ದೆ. ಎದ್ದು ಕಪಾಟಿನ ಹತ್ತಿರ ಹೋದರು. ಬೆಟ್ಟಕ್ಕೆ ಒಯ್ಯುತ್ತಿದ್ದ ಹಳೆಯ ಟಿಪ್ಪಣಿ ಪುಸ್ತಕಗಳ ಸಾಲಿನಲ್ಲಿ ಬೆರಳಾಡಿಸಿ ಒಂದನ್ನು ಎಳೆದು, ಪುಟ ಹುಡುಕಿ ನನ್ನ ಮುಂದೆ ಹಿಡಿದರು. ಅವರ ಕೈಬರಹ. ತಾರೀಖು ಆ ವರ್ಷದ್ದೇ. "ಮೂಲ ಹಾಳೆ. ಒಳಗೆ ರೋಮದ ಉಂಗುರ? ನನಗೆ ಸ್ಪಷ್ಟವಿಲ್ಲ. ಉದುರಿದೆಯೇ ಎಂದು ಕೇಳಿದೆ. ಪೆನ್ಸಿಲ್ ನೋಡಿ, 'ಇದೆ ಭಾವ, ಕಾಣುತ್ತೆ' ಎಂದ. ಹಾಕು ಎಂದೆ."

"ಆ ವರ್ಷ ನನ್ನ ಬಲಗಣ್ಣು ಪೂರ್ತಿ ಮಂಜಾಗಿತ್ತು," ಅಂದರು. "ಎಡಗಣ್ಣೂ ಅಷ್ಟಕ್ಕಷ್ಟೇ. ಗಿಡ ಗುರುತಿಸೋನಿಗೆ ಕಣ್ಣು ಕಾಣಲ್ಲ ಅಂದ್ರೆ ಯಾರು ಇಟ್ಕೋತಾರೆ? ಯಾರಿಗೂ ಹೇಳಿರ್ಲಿಲ್ಲ. ಆಪರೇಷನ್ ಆಗೋವರ್ಗೂ ನಿನ್ನ ಕಣ್ಣಲ್ಲೇ ನೋಡ್ದೆ. ಆಮೇಲೆ ಅನುಮಾನ ಬರ್ಲೇ ಇಲ್ಲ. ನೀನು ಬರೆದಿದ್ದೀಯ ಅಂದ್ಮೇಲೆ ಇದ್ದೇ ಇರುತ್ತೆ ಅಂದ್ಕೊಂಡೆ."

ನಾನು ಹಾಗೆ ಅಂದೇ ಇಲ್ಲ.

ಪುಸ್ತಕದಲ್ಲಿ ಇದೆ, ನಿಜ. ಇಂಕು ಹಳೆಯದು. ಹಿಂದೆ ಮುಂದೆ ಬೇರೆ ಟಿಪ್ಪಣಿಗಳಿವೆ, ನಡುವೆ ತುರುಕಿದ್ದಲ್ಲ. ಆದರೂ ನಾನು ಅಂದ ನೆನಪಿಲ್ಲ.

ಏಪ್ರಿಲ್ 4, ಶುಕ್ರವಾರ

ಅಂದಿರಬಹುದು.

ಏಪ್ರಿಲ್ 7, ಸೋಮವಾರ

ಭಾವ ಮೂರು ದಿನ ಬರಲಿಲ್ಲ. ಕುರ್ಚಿ ಖಾಲಿ ಇದ್ದರೂ ಹೊಸ ನಿರ್ದೇಶಕ ಅದರಲ್ಲಿ ಕೂರಲಿಲ್ಲ. ಮೇಡಂಗೆ ಎಲ್ಲ ಹೇಳಿದೆ. ನಲವತ್ತೆರಡು ರೋಮ, 'ಇದೆ ಭಾವ' ಎಲ್ಲವನ್ನೂ. ಅವರು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದರು.

"ಬೇರೆ ಆರರಲ್ಲಿ ಅಷ್ಟು ಸಲ ನೋಡಿದ್ಮೇಲೆ ಏಳನೇದರಲ್ಲೂ ಕಂಡಿದ್ರೆ ಆಶ್ಚರ್ಯ ಇಲ್ಲ ಸರ್. ನಮ್ಮೆಲ್ಲರಿಗೂ ಆಗುತ್ತೆ."

"ನನಗೆ ಕಂಡಿರ್ಲಿಲ್ಲ ಮೇಡಂ. ಕಂಡಿದ್ರೆ ಇವತ್ತು ಇಷ್ಟು ಮಾತೇ ಬೇಕಿರ್ಲಿಲ್ಲ."

ಅರ್ಧ ಕಿತ್ತಳೆಯನ್ನು ನನ್ನ ಕಡೆ ಚಾಚಿದರು. ತಿಂದೆ. ಸಿಹಿಯಾಗಿತ್ತು.

ಮಧ್ಯಾಹ್ನ ಇಬ್ಬರೂ ಸೇರಿ ಆರು ಪ್ರಭೇದಗಳ ಹೂಗಳನ್ನು ಬೇಯಿಸಿ ಮತ್ತೆ ನೋಡಿದೆವು. ಆರರಲ್ಲೂ ಉಂಗುರ ಇದೆ, ಬೀಜದ ಅಂಚೂ ಆರರಲ್ಲಿ ಒಂದೇ ಥರ. ಆ ಆರನ್ನು ಒಂದೇ ಕುಲ ಎಂದು ಗುರುತಿಸಿದ್ದು ಭಾವನೇ. ಅಷ್ಟು ಮಂಜುಗಣ್ಣಿನಲ್ಲಿ. ಇದನ್ನು ಬಾಯಿಬಿಟ್ಟು ಹೇಳಿದೆ. ಮೇಡಂ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಭಾವನ ಮನೆಗೆ ಹೋದೆ. ಅವಳೂ ಬಂದಿದ್ದಳು. ಭಾವ ಕ್ಷೌರ ಮಾಡಿಕೊಂಡಿರಲಿಲ್ಲ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ಅವಳು ಹತ್ತಿರ ಹೋಗಿ ಬಿಚ್ಚಿ ಸರಿಯಾಗಿ ಹಾಕಿದಳು, ಅವರು ಮಗುವಿನ ಹಾಗೆ ಗದ್ದ ಎತ್ತಿ ನಿಂತರು.

"ಪುಸ್ತಕ ನಿಲ್ಲಿಸಿಬಿಡ್ತೀನಿ," ಅಂದರು.

"ನಿಲ್ಲಿಸ್ಬೇಡಿ," ಅಂದೆ. "ಅರವತ್ತೊಂದರಲ್ಲಿ ಅರವತ್ತು ಸರಿಯಾಗಿವೆ. ತಪ್ಪಿದ್ದು ಒಂದು. ಆ ತಪ್ಪು ನನ್ನದು ಅಂತ ನಾನೇ ಬರೆದು ಕೊಡ್ತೀನಿ, ಹಾಗೇ ಅಚ್ಚಾಗ್ಲಿ."

"ಹಾಕು ಅಂದಿದ್ದು ನಾನು."

"ಇದೆ ಅಂದಿದ್ದು ನಾನು."

ಅವಳು ನಮ್ಮಿಬ್ಬರನ್ನೂ ನೋಡಿ, "ಇದಕ್ಕೂ ಜಗಳ ಆಡ್ತೀರಾ?" ಅಂದಳು. "ಚೌಕಾಸಿ ಮುಗಿದ್ರೆ ಹೇಳಿ, ಟೀ ಇಡ್ತೀನಿ."

ಭಾವ ಬಿಸ್ಕತ್ತು ಅದ್ದಿ ತಿಂದರು. ಪುಡಿ ಮೊಣಕಾಲಿನ ಮೇಲೆ ಬಿತ್ತು. ಒರೆಸಿಕೊಟ್ಟೆ.

ಏಪ್ರಿಲ್ 21, ಸೋಮವಾರ

ಭಾವ ಮತ್ತೆ ಬರಲು ಶುರು ಮಾಡಿದ್ದಾರೆ. ಆದರೆ ಈಗ ನನ್ನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಆರು ಪ್ರಭೇದಗಳಿಗೆ ಹೊಸ ಹೆಸರು ಸೂಚಿಸಿ ಎಂದು ಮೇಡಂ ಕೇಳಿದಾಗ, "ನೀವೇ ಇಡಿ ತಾಯಿ, ಮನುಷ್ಯರ ಹೆಸರು ಮಾತ್ರ ಬೇಡ" ಅಂದರು. ಮೇಡಂ ಇವತ್ತು ಊರಿಗೆ ಹೊರಟರು. ಕೋಣೆ ಬಿಕೋ ಅನ್ನುತ್ತಿದೆ.

ಅವರನ್ನು ಕಳಿಸಿ ಬಂದ ಮೇಲೆ ಭಾವ ಮೂಲ ಹಾಳೆಯನ್ನು ತರಿಸಿದರು. ನಮ್ಮ ವೃತ್ತಿಯಲ್ಲಿ ಹಳೆಯ ಹೆಸರಿನ ಚೀಟಿಯನ್ನು ಕೀಳುವ ಹಾಗಿಲ್ಲ, ಹೊಡೆದುಹಾಕುವ ಹಾಗೂ ಇಲ್ಲ. ಗಿಡ ಬೇರೆ ಕುಲಕ್ಕೆ ಸೇರಿದರೆ ಹೊಸ ಚೀಟಿ ಬರೆದು ಹಳೆಯದರ ಪಕ್ಕ ಅಂಟಿಸಬೇಕು. ಮೇಲೆ ಸರಿಯಾದ ಹೆಸರು, ಕೆಳಗೆ ನೋಡಿ ನಿರ್ಧರಿಸಿದವರ ಹೆಸರು ಮತ್ತು ತಾರೀಖು. ಹಳೆಯ ಚೀಟಿಯಲ್ಲಿ ಅತ್ತೆಯ ಹೆಸರಿನ ಕುಲ, ಅದರ ಕೆಳಗೆ ಭಾವನ ಸಹಿ. ಇಂಕು ಕಂದು ಬಣ್ಣಕ್ಕೆ ತಿರುಗಿದೆ.

"ನೀನು ಬರಿ," ಅಂದರು. "ಅಷ್ಟು ಸಣ್ಣ ಅಕ್ಷರ ಈಗ ನನ್ನಿಂದಾಗಲ್ಲ."

ಹಳೆಯ ಕುಲದ ಹೆಸರು ಬರೆದೆ. ತಾರೀಖು ಹಾಕಿದೆ. "ನೋಡಿದವರು ಅಂತ ಯಾರ ಹೆಸರು ಹಾಕ್ಲಿ? ಮೇಡಂದಾ, ನಿಮ್ಮದಾ?"

"ಮೇಡಂ ಈ ಹಾಳೆಯ ಹೂ ಬಿಚ್ಚಿಲ್ಲ. ನನಗೆ ಅವತ್ತೂ ಕಾಣಲಿಲ್ಲ, ಇವತ್ತೂ ಸರಿಯಾಗಿ ಕಾಣಲ್ಲ. ಎರಡು ಸಲ ನೋಡಿದೋನು ನೀನೊಬ್ಬನೇ."

ಇಪ್ಪತ್ತಾರು ವರ್ಷದಲ್ಲಿ ಇಲ್ಲಿಯ ಯಾವ ಹಾಳೆಯ ಮೇಲೂ ನನ್ನ ಹೆಸರು ಬಂದಿಲ್ಲ. ಅದೇನು ಹೆಮ್ಮೆಯ ಜಾಗವಲ್ಲ. ಇನ್ನು ನೂರು ವರ್ಷವಾದ ಮೇಲೆ ಯಾರಾದರೂ ಕಪಾಟು ತೆಗೆದರೆ, ಎರಡು ಚೀಟಿಗಳನ್ನೂ ಓದಿ, ಈ ಮನುಷ್ಯ ಇಷ್ಟು ವರ್ಷ ಏನು ಮಾಡುತ್ತಿದ್ದ ಎಂದು ಕೇಳಬಹುದು. ಕೇಳಲಿ. ನಿಬ್ಬನ್ನು ಇಂಕಿಗೆ ಅದ್ದಿ ಪೂರ್ತಿ ಹೆಸರು ಬರೆದೆ, ತಂದೆಯ ಹೆಸರೂ ಸೇರಿಸಿ.

ಭಾವ ಹಾಳೆಯ ಮೇಲೆ ಬಗ್ಗಿ, ಅತ್ತೆಯ ಹೆಸರಿದ್ದ ಚೀಟಿಯ ಮೇಲೆ ಒಂದು ಸಲ ಬೆರಳಾಡಿಸಿದರು. ಆಮೇಲೆ ಅದರ ಪಕ್ಕದಲ್ಲೇ, ಅಂಚಿಗೆ ಅಂಚು ಸೇರಿಸಿ, ಹೊಸದನ್ನು ಅಂಟಿಸಿದೆ. ಗೋಂದು ಒಣಗುವವರೆಗೆ ಇಬ್ಬರೂ ಅದನ್ನು ಒತ್ತಿ ಹಿಡಿದುಕೊಂಡು ಕುಳಿತೆವು, ಅವರ ಹೆಬ್ಬೆರಳು ಒಂದು ಮೂಲೆಗೆ, ನನ್ನದು ಇನ್ನೊಂದಕ್ಕೆ.